ಗವಾಕ್ಷಿ ತೆರೆಯಿರಿ, ಗೋಡೆ ಕೊರೆಯಬೇಡಿ



ನಮ್ಮ ಮೈಸೂರಿನ ಹಳೆಯ ಕಟ್ಟಡದಲ್ಲಿರುವ ಕಚೇರಿಗೋ ಕಾಲೇಜಿಗೋ ಕೆಲಸದ ಮೇಲೆ ಹೋದಾಗ ಹಿಂಬದಿಗೆ ಒಂದು ಸುತ್ತು ಹಾಕಿ ಬನ್ನಿ. ಹಲವು ಕಡೆ ಕಾಣುವುದು ಇದು: ಕಿಟಕಿಯ ಕೆಳಗೆ ಕಬ್ಬಿಣದ ಬ್ರಾಕೆಟ್ ಬಡಿದು ಕೂರಿಸಿದ ಏಸಿ ಪೆಟ್ಟಿಗೆ, ಪಕ್ಕದಲ್ಲಿ ಗೋಡೆ ಕೊರೆದ ತೂತು, ತೂತಿನ ಸುತ್ತ ಒರಟಾಗಿ ಮೆತ್ತಿದ ಸಿಮೆಂಟು, ಅದರೊಳಗಿಂದ ಇಳಿಬಿದ್ದ ಪ್ಲಾಸ್ಟಿಕ್ ಪೈಪು. ಪೈಪು ನೆಲ ಮುಟ್ಟಿರುವುದಿಲ್ಲ, ಅರ್ಧ ಗೋಡೆಗೇ ನಿಂತಿರುತ್ತದೆ. ಅಲ್ಲಿಂದ ಕೆಳಕ್ಕೆ ಹಸಿರು ಪಾಚಿ. ಉಬ್ಬಿದ ಗಾರೆಗೆ ಬೆರಳು ತಾಗಿಸಿದರೆ ಹಿಟ್ಟಿನ ಹಾಗೆ ಉದುರುತ್ತದೆ.

ನಾವು ಏಸಿಯ ವಿರೋಧಿಗಳಲ್ಲ. ಏಪ್ರಿಲ್ ಮಧ್ಯಾಹ್ನ ಕಡತ ಹಿಡಿದು ಕೂತ ಗುಮಾಸ್ತರಿಗೂ ಸೆಕೆಯಾಗುತ್ತದೆ. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಮೇಲೆ ನಮ್ಮದು ತಂಪು ಸೀಮೆ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮ ತಕರಾರು ಏಸಿ ಕೂರಿಸುವ ರೀತಿಯ ಬಗ್ಗೆ.

ಈ ಕಟ್ಟಡಗಳದು ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆ. ಮೇಲೆ ಮರದ ತೊಲೆಗಳು, ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಸುಣ್ಣದಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಮದ್ರಾಸು ತಾರಸಿ. ಇಂಥ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲು ಬಂದಾಗ ಆವಿಯಾಗಿ ಬಿಡುತ್ತದೆ. ನೂರು ವರ್ಷ ಬಾಳಿದ್ದು ಹೀಗೆ ಒಣಗಲು ಬಿಡುವು ಸಿಕ್ಕಿದ್ದರಿಂದ. ಒಂದೂವರೆ ಟನ್ನಿನ ಏಸಿ ತೇವದ ದಿನಗಳಲ್ಲಿ ಗಂಟೆಗೆ ಒಂದೆರಡು ಲೀಟರ್ ನೀರು ಸುರಿಸುತ್ತದೆ. ಅದನ್ನು ಗೋಡೆಯ ಮೇಲೆ ಬಿಟ್ಟರೆ ಆ ಗೋಡೆಗೆ ವರ್ಷವಿಡೀ ಮಳೆಗಾಲ. ಮೆತ್ತಿದ ಸಿಮೆಂಟು, ಒಳಗೆ ಬಳಿದ ಪ್ಲಾಸ್ಟಿಕ್ ಪೇಂಟು ತೇವವನ್ನು ಹೊರಗೆ ಹೋಗಗೊಡುವುದಿಲ್ಲ. ನೀರಿನಲ್ಲಿ ಕರಗಿದ ಉಪ್ಪು ಗಾರೆಯೊಳಗೇ ಹರಳುಗಟ್ಟಿ ಅದನ್ನು ಒಡೆಯುತ್ತದೆ. ತೊಲೆಯ ತುದಿ ಗೋಡೆಯಲ್ಲಿ ಹುದುಗಿರುವ ಕಡೆಯೇ ತೇವ ನಿಂತರೆ ಮರಕ್ಕೆ ಗೆದ್ದಲು ಹಿಡಿಯುವುದಕ್ಕೆ ಎಷ್ಟು ಹೊತ್ತು?

ನಮ್ಮೂರಿನಲ್ಲೇ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅವಕ್ಕೆ ಏಸಿ ಕಾರಣ ಎಂದು ನಾವು ಹೇಳುತ್ತಿಲ್ಲ. ಎರಡೂ ಬಿದ್ದದ್ದು ಮಳೆಗಾಲದಲ್ಲಿ ಎಂಬುದನ್ನಷ್ಟೇ ನೆನಪಿಸುತ್ತಿದ್ದೇವೆ.

ನೀರಿನ ಮಾತು ಹಾಗಿರಲಿ, ಬೆಂಕಿಯದೂ ಇದೆ. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿಯಿತು. ಒಂದು ಕಾಲಕ್ಕೆ ಅರಮನೆಯಾಗಿದ್ದ ಕಟ್ಟಡ. ಸಂಗ್ರಹದಲ್ಲಿ ಸುಮಾರು 2 ಕೋಟಿ ವಸ್ತುಗಳು, ಬಹುಪಾಲು ಬೂದಿಯಾದವು. ಬೆಂಕಿ ಹುಟ್ಟಿದ್ದು ನೆಲಮಹಡಿಯ ಸಭಾಂಗಣದ ಏಸಿಯಲ್ಲಿ ಎಂದು ಅಲ್ಲಿನ ಪೊಲೀಸ್ ತನಿಖೆ ಹೇಳಿತು. ಒಂದೊಂದು ಏಸಿಗೂ ಬೇರೆ ಬೇರೆ ಬ್ರೇಕರ್ ಇರಲಿಲ್ಲ, ಒಂದಕ್ಕೆ ಅರ್ಥಿಂಗ್ ಕೂಡ ಇರಲಿಲ್ಲ. ಹಳೆಯ ಮರದ ಅರಮನೆಯನ್ನು 1897ರಲ್ಲಿ ಬೆಂಕಿಗೆ ಕೊಟ್ಟ ಊರು ನಮ್ಮದು. ಫ್ಯಾನಿಗೂ ಬಲ್ಬಿಗೂ ಎಳೆದ ಹಳೆಯ ವೈರಿಗೆ ಏಸಿ ಜೋಡಿಸುವವರು ಇದನ್ನು ಕೇಳಿಸಿಕೊಳ್ಳಬೇಕು.

ಏಸಿ ಬಂದರೆ ಅದರ ಬೆನ್ನಿಗೇ ಫಾಲ್ಸ್ ಸೀಲಿಂಗ್ ಬರುತ್ತದೆ. ಎತ್ತರದ ಕೋಣೆ ತಂಪಾಗುವುದು ತಡ, ಕರೆಂಟಿನ ಬಿಲ್ಲು ಜಾಸ್ತಿ. ಹಾಗಾಗಿ ಮಾಳಿಗೆಯನ್ನೇ ಮುಚ್ಚುತ್ತಾರೆ. ಆಮೇಲೆ ತಾರಸಿ ಸೋರಿದರೂ ತೊಲೆ ಬಿರಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಲೆಕ್ಕದಲ್ಲಿ ತೂತಿಗಿಂತ ಇದೇ ದೊಡ್ಡ ಅಪಾಯ. ಮಾಳಿಗೆಯನ್ನು ಅಷ್ಟು ಎತ್ತರಕ್ಕೆ ಏರಿಸಿದ್ದೇ ಬಿಸಿಗಾಳಿ ಮೇಲೆ ಹೋಗಿ ಗವಾಕ್ಷಿಯಿಂದ ಹೊರಬೀಳಲಿ ಎಂದು. ಆ ಗವಾಕ್ಷಿಗಳಿಗೆ ಈಗ ಪ್ಲೈವುಡ್ ಬಡಿದಿದ್ದಾರೆ. ಕೇಳಿದರೆ ಪಾರಿವಾಳದ ಕಾಟ ಅನ್ನುತ್ತಾರೆ. ಪಾರಿವಾಳಕ್ಕೆ ಜಾಲರಿ ಸಾಕಲ್ಲ ಸ್ವಾಮೀ! ಜಾಲರಿ ಹಾಕಿ, ಗವಾಕ್ಷಿಯನ್ನು ರಾತ್ರಿಯಿಡೀ ತೆರೆದಿಡಿ. ಇರುಳಿನ ಗಾಳಿಗೆ ಆರಿದ ದಪ್ಪ ಗೋಡೆ ಮಾರನೆಯ ದಿನದ ಬಿಸಿಲನ್ನು ಒಳಕ್ಕೆ ದಾಟಿಸುವ ಹೊತ್ತಿಗೆ ಕಚೇರಿ ಮುಚ್ಚಿರುತ್ತದೆ. ಒಡೆದ ತಾರಸಿಯನ್ನು ಸುಣ್ಣದ ಗಾರೆಯಲ್ಲೇ ರಿಪೇರಿ ಮಾಡಿಸಿ, ಉದ್ದನೆಯ ರಾಡಿನ ಫ್ಯಾನು ಹಾಕಿಸಿ. ಬಹುತೇಕ ಕೋಣೆಗಳಿಗೆ ಅಷ್ಟು ಸಾಕು.

ಇಂಥ ಕಟ್ಟಡಗಳಲ್ಲಿರುವ ಓಲೆಗರಿ ಹಸ್ತಪ್ರತಿಗಳಿಗೆ ಏಸಿ ಬೇಡವೇ ಎಂದು ಕೇಳುವವರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಹಸ್ತಪ್ರತಿ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದದ್ದು ಈ ಊರಿನಲ್ಲೇ, ಆದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಓಲೆಗರಿಗೆ ಬೇಕಾದದ್ದು ಏರಿಳಿತವಿಲ್ಲದ ಹವೆ. ಹತ್ತಕ್ಕೆ ಹಾಕಿ ಐದಕ್ಕೆ ಆರಿಸುವ ಏಸಿ ಕೋಣೆಯ ತೇವವನ್ನು ದಿನಕ್ಕೊಮ್ಮೆ ಇಳಿಸಿ ಏರಿಸುತ್ತದೆ; ಗರಿ ಅಷ್ಟೇ ಸಲ ಹಿಗ್ಗಿ ಕುಗ್ಗಿ ಸೀಳುತ್ತದೆ. ಅಂಥ ಕಡೆ ಒಂದೇ ಕೋಣೆಯನ್ನು ಆರಿಸಿ, ಹಗಲಿರುಳು ಒಂದೇ ಹದದಲ್ಲಿಡುವ ವ್ಯವಸ್ಥೆ ಮಾಡಿ.

ಯಂತ್ರ ಬೇಕೇ ಬೇಕೆಂದರೆ ಪೆಟ್ಟಿಗೆ ಹಿತ್ತಿಲ ನೆಲದ ಮೇಲೆ ಕೂರಲಿ, ಗೋಡೆಗೆ ನೇತುಬೀಳುವುದು ಬೇಡ. ಪೈಪು ಈಗಿರುವ ಗವಾಕ್ಷಿ ಕಿಂಡಿಯಿಂದಲೇ ಹೋಗಲಿ. ನೀರು ಚರಂಡಿ ಸೇರಲಿ. ಮೀಟರ್ ಬೋರ್ಡಿನಿಂದ ಹೊಸ ಲೈನು, ಪ್ರತಿ ಏಸಿಗೂ ತನ್ನದೇ ಬ್ರೇಕರ್, ಸರಿಯಾದ ಅರ್ಥಿಂಗ್ ಇರಲಿ. ನಾಳೆ ಬಿಚ್ಚಿ ತೆಗೆದರೆ ಗೋಡೆಯ ಮೇಲೆ ಗುರುತು ಉಳಿಯಬಾರದು. ಕೋಣೆಗೊಂದು ಟೆಂಡರ್ ಕರೆಯುವ ಪದ್ಧತಿ ನಿಲ್ಲಲಿ. ಇಡೀ ಕಟ್ಟಡಕ್ಕೆ ಒಂದೇ ನಕ್ಷೆಯಾಗಿ, ಅದು ಜಿಲ್ಲಾ ಪಾರಂಪರಿಕ ಸಮಿತಿಯ ಮುಂದೆ ಬಂದು ಒಪ್ಪಿಗೆಯಾದ ಮೇಲೇ ಡ್ರಿಲ್ ಯಂತ್ರ ಆವರಣದೊಳಗೆ ಬರಲಿ.

ನೀವು ಮಾಡಬಹುದಾದದ್ದು: ಗೋಡೆಯ ಮೇಲೆ ಹೊಸ ತೂತು ಕಂಡರೆ ಫೋಟೊ ತೆಗೆಯಿರಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂರು ಪ್ರಶ್ನೆ ಕೇಳಿ: ಇಲ್ಲಿ ಕೊರೆಯಲು ಅನುಮತಿ ಕೊಟ್ಟವರು ಯಾರು? ವೈರಿಂಗ್ ಪರೀಕ್ಷೆ ಆಗಿದ್ದು ಯಾವತ್ತು? ಗವಾಕ್ಷಿ ಮುಚ್ಚಲು ಆದೇಶ ಎಲ್ಲಿದೆ? ಉತ್ತರ ಬಂದರೆ ಅದರ ಪ್ರತಿಯನ್ನೂ ಫೋಟೊವನ್ನೂ ಸೇರಿಸಿ ಪಾರಂಪರಿಕ ಸಮಿತಿಗೆ ಕಳಿಸಿ. ಬಾರದಿದ್ದರೆ 30 ದಿನ ಕಳೆದ ಮೇಲೆ ಮೇಲ್ಮನವಿ ಹಾಕಿ.

— ಮೈಸೂರಿನ ಕೆಲವು ನಾಗರಿಕರು
(ಓದಿದ ಮೇಲೆ ಇನ್ನೊಬ್ಬರಿಗೆ ಕೊಡಿ)