ಕೋಟೆಯ ನಾಲ್ಕನೆಯ ಮೂಲೆ

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ, ಮೆಡ್ವೇ ನದಿಯ ದಡದ ಮೇಲೆ ರಾಚೆಸ್ಟರ್ ಎಂಬ ಪಟ್ಟಣವಿದೆ. ಅಲ್ಲಿಯ ಹಳೆಯ ಕೋಟೆಯ ಮಹಾಗೋಪುರಕ್ಕೆ ನಾಲ್ಕು ಮೂಲೆಗಳು. ಮೂರರಲ್ಲಿ ಚೌಕಾಕಾರದ ಬುರುಜುಗಳಿವೆ. ಆಗ್ನೇಯ ಮೂಲೆಯದು ಮಾತ್ರ ದುಂಡಗಿದೆ. ಇದು ಶಿಲ್ಪಿಯ ಚಾಪಲ್ಯವಲ್ಲ. ಇದರ ಹಿಂದಿರುವ ವೃತ್ತಾಂತವನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ.

ಗೋಪುರವನ್ನು 1127ರ ತರುವಾಯ ಕಟ್ಟಿಸಿದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ. ಎತ್ತರ 110 ಅಡಿಗೂ ಮಿಗಿಲು. ಬುಡದಲ್ಲಿ ಗೋಡೆಯ ದಪ್ಪ ಸುಮಾರು 12 ಅಡಿ. ಹೆಬ್ಬಾಗಿಲು ನೆಲದ ಮಟ್ಟದಲ್ಲಿಲ್ಲ, ಮೇಲಂತಸ್ತಿನಲ್ಲಿದೆ. ಗೋಡೆಯನ್ನು ಬಳಸಿ ಮೆಟ್ಟಿಲೇರುವ ಶತ್ರು ಮೇಲಿನವರ ಬಾಣಗಳಿಗೆ ಮೈಯೊಡ್ಡಿಯೇ ಬರಬೇಕು. ಒಳಗೆ ಗೋಪುರವನ್ನು ಇಬ್ಭಾಗಿಸುವ ಅಡ್ಡಗೋಡೆ. ಆ ಗೋಡೆಯ ಒಡಲಲ್ಲೇ ಬಾವಿ. ಯಾವ ಅಂತಸ್ತಿನಲ್ಲಿ ನಿಂತರೂ ನೀರು ಸೇದಿಕೊಳ್ಳಬಹುದು. ಮನೆವಾರ್ತೆ ಬಲ್ಲ ತಾಯಂದಿರು ಉಳಿದೆಲ್ಲಕ್ಕಿಂತ ಇದನ್ನೇ ಮೊದಲು ಮೆಚ್ಚಿಯಾರು.

1215ರ ಜೂನ್‌ನಲ್ಲಿ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆಯೊತ್ತಿದ ಜಾನ್ ದೊರೆ ಕೆಲವೇ ತಿಂಗಳಲ್ಲಿ ಮಾತಿಗೆ ತಪ್ಪಿದನು. ದಂಗೆಯೆದ್ದ ಸರದಾರರು ರಾಚೆಸ್ಟರನ್ನು ಹಿಡಿದುಕೊಂಡರು. ಅಕ್ಟೋಬರಿನಲ್ಲಿ ದೊರೆ ಮುತ್ತಿಗೆ ಹಾಕಿದನು. ಐದು ಯಂತ್ರಗಳು ಹಗಲಿರುಳು ಕಲ್ಲೆಸೆದರೂ ಗೋಪುರ ಜಗ್ಗಲಿಲ್ಲ. ಆಗ ಅವನು ನೆಲ ಅಗೆಯುವವರನ್ನು ಕರೆಸಿದನು.

ಚೌಕ ಬುರುಜಿನ ದೌರ್ಬಲ್ಯವಿರುವುದು ಅದರ ಮೂಲೆಯಲ್ಲಿ. ಮೂಲೆಯ ಎದುರಿಗೆ ನಿಂತವನು ಒಳಗಿನ ಬಿಲ್ಲುಗಾರರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅಂಚಿನ ಕಲ್ಲುಗಳನ್ನು ಮೀಟಿ ಕೀಳುವುದೂ ಸುಲಭ. ಅಗೆಯುವವರು ಆಗ್ನೇಯ ಮೂಲೆಯ ಬುನಾದಿಯ ಕೆಳಗೆ ಸುರಂಗ ಕೊರೆದು, ಮೇಲಿನ ಭಾರಕ್ಕೆ ಮರದ ಊರೆಗಳನ್ನು ಕೊಟ್ಟರು. ಇನ್ನು ಆ ಊರೆಗಳನ್ನು ಸುಡಬೇಕು. ನವೆಂಬರ್ 25ರಂದು ದೊರೆಯು ತನ್ನ ಅಧಿಕಾರಿ ಹ್ಯೂಬರ್ಟನಿಗೆ ಪತ್ರ ಕಳುಹಿಸಿ, ಊಟಕ್ಕೆ ಅಷ್ಟಾಗಿ ಒದಗದ 40 ಕೊಬ್ಬಿದ ಹಂದಿಗಳನ್ನು ಕೂಡಲೇ ಅಟ್ಟುವಂತೆ ಆಜ್ಞಾಪಿಸಿದನು. ಬೇಕಾಗಿದ್ದುದು ಬೆಂಕಿಗೆ ಕೊಬ್ಬು. (ನಮ್ಮ ಓದುಗರು ಈ ಪ್ರಸ್ತಾಪವನ್ನು ಮನ್ನಿಸಬೇಕು, ಇತಿಹಾಸವು ಪಥ್ಯವನ್ನು ನೋಡುವುದಿಲ್ಲ.) ಊರೆಗಳು ಉರಿದವು, ಮೂಲೆ ಕುಸಿಯಿತು.

ಆದರೂ ಒಳಗಿನವರು ಸೋಲೊಪ್ಪಲಿಲ್ಲ. ಅಡ್ಡಗೋಡೆಯ ಆಚೆಗೆ ಸರಿದು, ಉಳಿದರ್ಧ ಗೋಪುರದಲ್ಲಿ ನಿಂತು ಕಾದಿದರು. ನೀರಿತ್ತು, ಅನ್ನವಿರಲಿಲ್ಲ. ತಮ್ಮ ಕುದುರೆಗಳನ್ನೇ ತಿಂದರೆಂದು ಅಂದಿನ ಬರಹಗಾರರು ಹೇಳುತ್ತಾರೆ. ನವೆಂಬರ್ 30ರಂದು ಹಸಿವಿಗೆ ಮಣಿದು ಹೊರಬಂದರು. ಎಲ್ಲರನ್ನೂ ಗಲ್ಲಿಗೇರಿಸಲು ದೊರೆ ಹವಣಿಸಿದಾಗ, ನಾಳೆ ನಮ್ಮವರಿಗೂ ಇದೇ ಗತಿಯಾದೀತೆಂದು ಅವನ ಸೇನಾನಿಯೊಬ್ಬನು ತಡೆದನು. ಈ ಬುದ್ಧಿಮಾತು ಅಷ್ಟು ಜೀವಗಳನ್ನು ಉಳಿಸಿದುದನ್ನು ಕೋಟೆಯ ಕಥೆ ಹೇಳುವವರು ಮರೆಯಬಾರದೆಂದು ನಮಗೆ ತೋರುತ್ತದೆ.

ಜಾನನ ಮಗ ಮೂರನೆಯ ಹೆನ್ರಿಯ ಕಾಲದಲ್ಲಿ ಬಿದ್ದ ಮೂಲೆಯನ್ನು ಮತ್ತೆ ಕಟ್ಟಿದರು, ಈ ಬಾರಿ ದುಂಡಗೆ. ಉಳಿದ ಮೂರನ್ನು ಇದ್ದಂತೆಯೇ ಬಿಟ್ಟರು. 1264ರಲ್ಲಿ ಸೈಮನ್ ದ ಮಾಂಟ್‌ಫೋರ್ಟನು ಮತ್ತೆ ಮುತ್ತಿದಾಗ ಹೊರಕೋಟೆ ಅವನ ವಶವಾಯಿತು, ಗೋಪುರ ಆಗಲಿಲ್ಲ. ಅರಸನ ದಂಡು ಬರುತ್ತಿದೆಯೆಂಬ ಸುದ್ದಿ ಕೇಳಿ ಅವನು ಮುತ್ತಿಗೆಯನ್ನು ತೆಗೆದು ಹಿಂದಿರುಗಿದನು.