ಸ್ಲೈಡಿನಲ್ಲಿ ಕಳೆದುಹೋದ ಕ್ರಿಯಾಪದ

ಮಗರಪಟ್ಟಾದ ನಮ್ಮ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಈಚೆಗೆ ಎರಡು ಭಾನುವಾರ ಒಂದು ತರಗತಿ ನಡೆಯಿತು. ಕಂಪ್ಯೂಟರಿನಲ್ಲಿ ಸ್ಲೈಡುಗಳನ್ನು ಸಿದ್ಧಪಡಿಸುವುದು ಹೇಗೆಂದು ಕಲಿಸುವುದು ಅದರ ಉದ್ದೇಶ. ಈ ಸಲದ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡ ಮನೆಗಳವರು ತಂತಮ್ಮ ಊರನ್ನು ಹತ್ತು ಹತ್ತು ನಿಮಿಷಗಳಲ್ಲಿ ಪರಿಚಯಿಸಬೇಕೆಂದು ನಿಶ್ಚಯವಾಗಿದೆ. ಕಲಿಯಲು ಬಂದವರು ಹದಿನಾಲ್ಕು ಮಂದಿ: ನಿವೃತ್ತರು, ಗೃಹಿಣಿಯರು, ಏಳೆಂಟನೆಯ ತರಗತಿಯ ಮಕ್ಕಳು. ಕಲಿಸಿದವರು ಸೈಬರ್‌ಸಿಟಿಯ ಕಚೇರಿಯೊಂದರಲ್ಲಿ ದುಡಿಯುವ ತರುಣ. ವಾರಕ್ಕೊಮ್ಮೆ ಸಿಗುವ ಬಿಡುವನ್ನು ನಮಗೆ ಕೊಟ್ಟವರು. ಅವರ ಮೇಲೆ ನನ್ನ ದೂರಿಲ್ಲ. ತಾವು ಕಲಿತಂತೆ ಅವರು ಕಲಿಸಿದರು. ದೂರು ಇರುವುದು ಆ ಕಲಿಕೆಯ ಮೇಲೆ.

ಮೊದಲ ಭಾನುವಾರ ಚಹಾದ ಹೊತ್ತಿನಲ್ಲಿ ಅಥಣಿಯ ಕಡೆಯ ಹಿರಿಯ ಮಹಿಳೆಯೊಬ್ಬರು ತಮ್ಮ ಮನೆಯ ಬಾವಿಯ ಕಥೆ ಹೇಳಿದರು. ಬರಗಾಲದ ವರ್ಷ ಅವರ ಅಜ್ಜ ಬಾವಿ ತೋಡಿಸಲು ಹೊರಟದ್ದು, ಊರವರು ನಕ್ಕದ್ದು, ಅಜ್ಜಿ ಕೈಯ ಬಳೆ ಅಡವಿಟ್ಟದ್ದು, ನೀರು ಬಿದ್ದ ದಿನ ನಕ್ಕವರನ್ನೇ ಕರೆದು ಮೊದಲ ಕೊಡ ಕೊಟ್ಟದ್ದು. ಹೇಳುವಾಗ ಅವರ ಕೈ ಹಗ್ಗ ಎಳೆಯುತ್ತಿತ್ತು. ಮಕ್ಕಳು ಬಿಸ್ಕತ್ತು ಮರೆತು ಕೇಳಿದರು. ಚಹಾ ಮುಗಿಯಿತು. ಮುಂದಿನ ಒಂದು ಗಂಟೆಯಲ್ಲಿ ಅದೇ ಕಥೆ ಸ್ಲೈಡಾಯಿತು. ಹಸಿರು ಎಲೆಗಳ ಅಂಚಿನ ಸಿದ್ಧ ವಿನ್ಯಾಸ, ಮೇಲೆ ‘ನಮ್ಮ ಊರು’ ಎಂಬ ಶೀರ್ಷಿಕೆ, ಕೆಳಗೆ ಮೂರು ಚುಕ್ಕೆಗಳು: ‘ಬಾವಿ’, ‘ನೀರಿನ ಸೌಲಭ್ಯ’, ‘ಕೃಷಿ ಅಭಿವೃದ್ಧಿ’. ಅವರು ಪರದೆಯ ಕಡೆಗೆ ತಿರುಗಿ ಅಷ್ಟನ್ನೇ ಓದಿ ಕುಳಿತರು. ತಡವಾಗಿ ಬಂದಿದ್ದ ಹುಡುಗನೊಬ್ಬ ಕೇಳಿದ: “ಬಾವಿ ಯಾರು ತೋಡಿದ್ದು?”

ಆ ಹುಡುಗನ ಪ್ರಶ್ನೆಗೆ ಪರದೆಯ ಮೇಲೆ ಉತ್ತರವಿರಲಿಲ್ಲ, ಏಕೆಂದರೆ ಪರದೆಯ ಮೇಲೆ ಕ್ರಿಯಾಪದವೇ ಇರಲಿಲ್ಲ. ನನ್ನ ವಾದವೂ ಇಷ್ಟೇ. ಸ್ಲೈಡು ಮಾಡುವುದರ ಮೊದಲ ಪಾಠವೆಂದು ನಾವು ಕಲಿಸುತ್ತಿರುವುದು ವಾಕ್ಯವನ್ನು ಮುರಿಯುವ ಪಾಠ. ಎಲ್ಲ ಭಾಷೆಗಳಿಗೂ ಇದರಿಂದ ಹಾನಿಯುಂಟು. ಕನ್ನಡಕ್ಕೆ ಇನ್ನೂ ಹೆಚ್ಚಿನ ಹಾನಿ.

ಕನ್ನಡ ವಾಕ್ಯದ ಭಾರವೆಲ್ಲ ಕೊನೆಯಲ್ಲಿರುತ್ತದೆ. ‘ಕೊಟ್ಟಳು’ ಎಂಬ ಒಂದೇ ಪದದಲ್ಲಿ ಕೆಲಸವಿದೆ, ಅದು ಮುಗಿದಿದೆ ಎಂಬ ಕಾಲವಿದೆ, ಮಾಡಿದವಳು ಒಬ್ಬಳೇ ಎಂಬ ಸಂಖ್ಯೆಯಿದೆ, ಹೆಣ್ಣೆಂಬ ಲಿಂಗವಿದೆ. ಕೊಡುತ್ತಾಳೋ, ಕೊಡಬಹುದೋ, ಕೊಡಲಿಲ್ಲವೋ, ಕೊಡಬೇಕಿತ್ತೋ ಎಂಬ ನಿರ್ಣಯವೆಲ್ಲ ಆ ತುದಿಯಲ್ಲೇ ಆಗುತ್ತದೆ. ‘ಅವರು ನಮ್ಮ ಮೇಷ್ಟ್ರು’ ಎಂಬಂತೆ ಕ್ರಿಯಾಪದವಿಲ್ಲದ ವಾಕ್ಯಗಳೂ ನಮ್ಮಲ್ಲಿವೆ, ನಿಜ. ಆದರೆ ಅಲ್ಲಿಯೂ ಯಾರ ಬಗ್ಗೆ ಏನು ಹೇಳಿದೆವೆಂಬುದು ಸ್ಪಷ್ಟ. ಚುಕ್ಕೆಯ ಮುಂದಿನ ‘ಕೃಷಿ ಅಭಿವೃದ್ಧಿ’ ಅಂಥ ವಾಕ್ಯವೂ ಅಲ್ಲ. ಅದು ಹೇಳಿಕೆಯಾಗುವ ಮೊದಲೇ ನಿಂತುಹೋದ ಮಾತು.

ಇಂಗ್ಲಿಷಿನ ಚುಕ್ಕೆಸಾಲು ಹಲವು ಸಲ ಕ್ರಿಯಾಪದದಿಂದಲೇ ಶುರುವಾಗುತ್ತದೆ. ತುಂಡಾದರೂ ಅದಕ್ಕೆ ಆಜ್ಞೆಯ ಬಲವಾದರೂ ಉಳಿದಿರುತ್ತದೆ. ಅದನ್ನೇ ಕನ್ನಡಕ್ಕೆ ಇಳಿಸುವಾಗ ನಾವು ‘ನೀರಿನ ಪೂರೈಕೆಯನ್ನು ಸುಧಾರಿಸುವುದು’ ಎನ್ನುತ್ತೇವೆ. ಈ ‘ಸುಧಾರಿಸುವುದು’ ಏನು? ಆಜ್ಞೆಯೆ, ಭರವಸೆಯೆ, ವರದಿಯೆ, ಬರಿಯ ಆಸೆಯೆ? ಸುಧಾರಿಸುವವರು ಯಾರು, ಎಂದಿಗೆ? ಯಾವುದನ್ನೂ ಅದು ಹೇಳದು. ಕನ್ನಡದ ಕಚೇರಿ ಸುತ್ತೋಲೆಗಳನ್ನು ಓದಿದವರಿಗೆ ಈ ‘ವುದು’ ಹಳೆಯ ಪರಿಚಯ. ಹೊಣೆಗಾರನಿಲ್ಲದ ಆ ಭಾಷೆಯನ್ನು ಈಗ ನಾವೇ ಹಣ್ಣಿನ ಬಣ್ಣಗಳಲ್ಲಿ ಅಲಂಕರಿಸಿ ಮಕ್ಕಳಿಗೆ ಕಲಿಸುತ್ತಿದ್ದೇವೆ.

ಇದು ವ್ಯಾಕರಣದ ಮಡಿವಂತಿಕೆಯಲ್ಲ. ನಾವು ಕುಳಿತಿರುವ ನೆಲವನ್ನೇ ನೋಡಿ. ಹಡಪ್‌ಸರದ ಪಕ್ಕದ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಮಿಕ್ಕ ತಮ್ಮ ಹೊಲಗಳನ್ನು ಒಟ್ಟುಗೂಡಿಸಿ, ಬಿಲ್ಡರಿಗೆ ಮಾರದೆ, ಸತೀಶ್ ಮಗರ್ ಅವರ ಮುಂದಾಳತನದಲ್ಲಿ ತಾವೇ ಕಂಪನಿಯ ಪಾಲುದಾರರಾಗಿ ಈ ಉಪನಗರವನ್ನು ಕಟ್ಟಿದರು. ಯಾರು ಎಷ್ಟು ಜಮೀನು ಕೊಡುತ್ತಾರೆ, ಅದಕ್ಕೆ ಪ್ರತಿಯಾಗಿ ಯಾರಿಗೆ ಎಷ್ಟು ಪಾಲು ಸಿಗುತ್ತದೆ ಎಂಬುದು ಅಲ್ಲಿ ಪ್ರಾಣ. ‘ಭೂ ಏಕೀಕರಣ’, ‘ಸಮಗ್ರ ಪ್ರಗತಿ’ ಎಂಬ ಎರಡು ಚುಕ್ಕೆಗಳನ್ನು ನಂಬಿ ಯಾವ ರೈತ ತಾನೆ ಹೊಲ ಬಿಟ್ಟುಕೊಡುತ್ತಾನೆ? ಆದರೆ ಅದೇ ನೆಲದ ಮೇಲೆ ಎದ್ದ ಕಟ್ಟಡಗಳಲ್ಲಿ ಕುಳಿತು ನಾವು ದಿನವಿಡೀ ಅಂಥ ಚುಕ್ಕೆಗಳಿಗೆ ತಲೆಯಾಡಿಸುತ್ತೇವೆ.

ತುಂಡು ಮಾತು ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದಕ್ಕೆ ಜಗತ್ತು ಬಲ್ಲ ಒಂದು ನಿದರ್ಶನವಿದೆ. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರಿದ 82 ಸೆಕೆಂಡುಗಳಿಗೆ ಇಂಧನ ತೊಟ್ಟಿಯ ಹೊದಿಕೆಯ ಫೋಮ್ ತುಣುಕೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರರು ಆ ಪೆಟ್ಟಿನ ಅಪಾಯವನ್ನು ಸ್ಲೈಡುಗಳಲ್ಲಿ ವರದಿ ಮಾಡಿದರು. ಒಂದು ಸ್ಲೈಡಿನ ನೆತ್ತಿಯ ಮೇಲೆ ಧೈರ್ಯ ತುಂಬುವ ಶೀರ್ಷಿಕೆಯಿತ್ತು. ಅದರ ತಳದಲ್ಲಿ, ಚುಕ್ಕೆಯೊಳಗಿನ ಚುಕ್ಕೆಯೊಳಗಿನ ಚುಕ್ಕೆಯಲ್ಲಿ, ನಿಜವಾದ ಸಂಗತಿಯಿತ್ತು: ಪರೀಕ್ಷೆಗಳಲ್ಲಿ ಬಳಸಿದ ತುಣುಕು 3 ಘನ ಅಂಗುಲದ್ದು, ನೌಕೆಗೆ ಬಡಿದದ್ದು 1,920 ಘನ ಅಂಗುಲದ್ದಿರಬಹುದು. ಅಂದರೆ 640 ಪಟ್ಟು ದೊಡ್ಡದು. ಹಳೆಯ ಪರೀಕ್ಷೆಗಳನ್ನು ನೆಚ್ಚುವಂತೆಯೇ ಇಲ್ಲ. ಹಾಗೆಂದು ಹೇಳುವ ವಾಕ್ಯ ಮಾತ್ರ ಅಲ್ಲಿರಲಿಲ್ಲ. ಫೆಬ್ರವರಿ 1ರಂದು, ಮರಳುವ ಹಾದಿಯಲ್ಲಿ, ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ 7 ಮಂದಿ ಸತ್ತರು. ಕೊಂದದ್ದು ಫೋಮು, ಸ್ಲೈಡಲ್ಲ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ ಎಡ್ವರ್ಡ್ ಟಫ್ಟೆಯವರ ವಿಶ್ಲೇಷಣೆಯನ್ನು ಮುಂದಿಟ್ಟು ಆ ಸ್ಲೈಡನ್ನು ಎತ್ತಿ ತೋರಿಸಿತು. ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡನ್ನು ಕೂರಿಸುವ ರೂಢಿಯನ್ನು ಟೀಕಿಸಿತು.

ಈ ರೂಢಿಯ ಮೂಲ ಎಲ್ಲಿದೆ? ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ರೂಪಿಸಿದ ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್ ಯಂತ್ರಗಳಿಗಾಗಿ ಬಂದಾಗ ಅದರ ಕೆಲಸ ಸರಳವಾಗಿತ್ತು: ಪ್ರೊಜೆಕ್ಟರಿನ ಮೇಲಿಡುವ ಪಾರದರ್ಶಕ ಹಾಳೆಗಳನ್ನು ಅಚ್ಚುಕಟ್ಟಾಗಿ ಮುದ್ರಿಸಿಕೊಡುವುದು. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು 1.4 ಕೋಟಿ ಡಾಲರಿಗೆ ಕೊಂಡಿತು. 1990ರ ದಶಕದ ನಡುವೆ ‘ಆಟೋಕಂಟೆಂಟ್ ವಿಝಾರ್ಡ್’ ಎಂಬ ಸೌಕರ್ಯ ಸೇರಿತು. ಏನು ಹೇಳಬೇಕೆಂದು ತೋಚದವರಿಗೆ ಶೀರ್ಷಿಕೆಗಳನ್ನೂ ಚುಕ್ಕೆಗಳನ್ನೂ ಅದೇ ತುಂಬಿಕೊಡುತ್ತಿತ್ತು. ಆ ಸೌಕರ್ಯವನ್ನು ಮುಂದೆ ಕೈಬಿಟ್ಟರು. ಈಗ ಕೃತಕ ಬುದ್ಧಿಮತ್ತೆ ಅದೇ ಕೆಲಸವನ್ನು ಇನ್ನಷ್ಟು ನಯವಾಗಿ ಮಾಡುತ್ತಿದೆ. ‘ನಮ್ಮ ಊರು ಅಥಣಿ’ ಎಂದು ಕೊಟ್ಟರೆ ಹತ್ತು ಸ್ಲೈಡು ಬರುತ್ತವೆ. ಅವುಗಳಲ್ಲಿ ಎಲ್ಲವೂ ಇರುತ್ತದೆ, ಅಡವಿಟ್ಟ ಬಳೆಯೊಂದನ್ನು ಬಿಟ್ಟು.

ಹಾಗಾದರೆ ಸ್ಲೈಡನ್ನೇ ಬಿಡೋಣವೆ? ಅಮೆಜಾನಿನ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಅದನ್ನು ಹೊರಹಾಕಿ, ಪೂರ್ಣ ವಾಕ್ಯಗಳ ಟಿಪ್ಪಣಿ ಬರೆದು ತರಲು ಹೇಳಿದರು. ನನ್ನ ಕೆಲವು ಗೆಳೆಯರೂ ಅದೇ ಮಾತನ್ನಾಡುತ್ತಾರೆ. ತಾಳಮದ್ದಳೆಯ ಅರ್ಥಧಾರಿಗೆ ಪರದೆ ಬೇಕಾಗಿತ್ತೇ ಎಂದು ಕೇಳುತ್ತಾರೆ. ನಾನು ಅವರ ಪಕ್ಷದವನಲ್ಲ. ಚಿತ್ರ ತೋರಿಸಿ ಕಥೆ ಹೇಳುವ ವಿದ್ಯೆ ಕಂಪ್ಯೂಟರಿಗಿಂತ ಬಹು ಹಳೆಯದು ಮತ್ತು ನಮ್ಮದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಚಿತ್ರಕಥಕನ ಉಲ್ಲೇಖವಿದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಠಾಕರ್ ಸಮುದಾಯದವರು ಚಿತ್ರಕಥಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಕಾಗದದ ಚಿತ್ರಗಳ ಕಟ್ಟಿಗೆ ಅವರು ‘ಪೋಥಿ’ ಎನ್ನುತ್ತಾರೆ. ಒಂದೊಂದನ್ನೇ ಎತ್ತಿ ತೋರುತ್ತ, ಹಾಡುತ್ತ, ರಾಮಾಯಣ ಭಾರತಗಳ ಪ್ರಸಂಗಗಳನ್ನು ಹೇಳುತ್ತಾರೆ. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿಯೂ ಚಿತ್ರಕಥಿಯ ಹಳೆಯ ಚಿತ್ರಗಳಿವೆ. ಇನ್ನು ನಮ್ಮ ಕಿಳ್ಳೆಕ್ಯಾತರು: ಮನೆಯಲ್ಲಿ ಮರಾಠಿಯ ಒಂದು ಒಳನುಡಿ, ತೊಗಲುಗೊಂಬೆಯ ಪರದೆಯ ಹಿಂದೆ ಕನ್ನಡ. ಎರಡು ಭಾಷೆಗಳ ನಡುವೆ ಬಾಳುವ ನಮ್ಮಂಥ ಪುಣೆಯ ಕನ್ನಡಿಗರಿಗೆ ಅವರಿಗಿಂತ ಹತ್ತಿರದ ಗುರುಗಳು ಇನ್ನಾರು?

ಆ ಗುರುಗಳು ಪಾಲಿಸಿದ ಕ್ರಮವನ್ನು ಗಮನಿಸಿ. ಚಿತ್ರ ಕೇಳುಗರ ಕಣ್ಣಿಗೆ, ಕಥೆ ಹೇಳುವವನ ಬಾಯಲ್ಲಿ. ರಾವಣನ ಚಿತ್ರದ ಪಕ್ಕದಲ್ಲಿ ‘ಅಪಹರಣ’, ‘ಪರಿಣಾಮಗಳು’ ಎಂದು ಬರೆದುಕೊಂಡು ಅದನ್ನೇ ಅವರು ಓದಲಿಲ್ಲ. ಕಣ್ಣು ಒಂದನ್ನು ಓದುತ್ತಿರುವಾಗ ಕಿವಿ ಅದನ್ನೇ ಕೇಳಬೇಕಾದರೆ ಸಭೆ ಎರಡನ್ನೂ ಬಿಡುತ್ತದೆ.

ನಮ್ಮ ತರಗತಿಯ ಪಾಠಕ್ರಮ ಹೇಗಿರಬೇಕಿತ್ತೆಂದು ನಾನು ಬಲ್ಲಷ್ಟು ಹೇಳುತ್ತೇನೆ. ಮೊದಲ ಗಂಟೆ ಕಂಪ್ಯೂಟರನ್ನು ತೆರೆಯುವುದೇ ಬೇಡ. ಪ್ರತಿಯೊಬ್ಬರೂ ಕಾಗದದ ಮೇಲೆ ಒಂದೇ ವಾಕ್ಯ ಬರೆಯಲಿ: ಕೇಳಿದವರು ಮನೆಗೆ ಏನನ್ನು ಒಯ್ಯಬೇಕು? ‘ನನ್ನ ಅಜ್ಜಿ ಬಳೆ ಅಡವಿಟ್ಟು ಊರಿಗೆ ನೀರು ಕೊಟ್ಟಳು.’ ಆಮೇಲೆ ಆ ವಾಕ್ಯಕ್ಕೆ ಆಧಾರವಾಗುವ ಐದಾರು ವಾಕ್ಯಗಳು. ಅನಂತರ ಯಂತ್ರ. ಸಿದ್ಧ ವಿನ್ಯಾಸಗಳ ಅಂಗಡಿಗೆ ಹೋಗದೆ, ಶೀರ್ಷಿಕೆಯ ಜಾಗವೊಂದೇ ಇರುವ ಬರಿಯ ಸ್ಲೈಡನ್ನು ಆರಿಸಲಿ. ‘ಕಂಟ್ರೋಲ್’ ಜೊತೆಗೆ ‘ಎಂ’ ಒತ್ತಿದರೆ ಹೊಸ ಸ್ಲೈಡು ಬರುತ್ತದೆ. ಶೀರ್ಷಿಕೆಯ ಜಾಗದಲ್ಲಿ ‘ಬಾವಿ’ ಎಂದಲ್ಲ, ‘ಬರದ ವರ್ಷ ಅಜ್ಜ ಬಾವಿ ತೋಡಿಸಿದ’ ಎಂದು ಬರೆಯಲಿ. ಅದರ ಕೆಳಗೆ ಒಂದು ಚಿತ್ರ, ಒಂದೇ. ಮಿಕ್ಕ ವಿವರಗಳಿಗೆ ಸ್ಲೈಡಿನ ಅಡಿಯಲ್ಲಿ ಟಿಪ್ಪಣಿಯ ಜಾಗವಿದೆ; ಅದು ಹೇಳುವವರಿಗೆ ಮಾತ್ರ ಕಾಣುವಂತೆ ಇಟ್ಟುಕೊಳ್ಳಬಹುದು. ಅಕ್ಷರಗಳು ಹಾರಿ ಬರುವುದು, ಪುಟಗಳು ತಿರುಗುವುದು ಇವೆಲ್ಲ ಕೊನೆಯ ಐದು ನಿಮಿಷಕ್ಕಿರಲಿ. ಸಮಯ ಸಾಲದಿದ್ದರೆ ಇನ್ನೂ ಒಳ್ಳೆಯದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದೆರಡು ಪಾಠಗಳು ಬೇಕು, ಅವನ್ನು ಯಾರೂ ಕಲಿಸುವುದಿಲ್ಲ. ನಮ್ಮ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಊರಿನ ಹೆಸರನ್ನೂ ರೋಮನ್ ಲಿಪಿಯಲ್ಲಿ ಬರೆದರು, ಏಕೆಂದರೆ ಕನ್ನಡ ಕೀಲಿಮಣೆಯನ್ನು ಚಾಲೂ ಮಾಡುವುದು ಪಾಠದಲ್ಲಿರಲಿಲ್ಲ. ವಿಂಡೋಸಿನ ಭಾಷಾ ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಲು ಕೆಲವೇ ನಿಮಿಷ ಸಾಕು. ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಫಾಂಟುಗಳಲ್ಲಿ ಬರೆದದ್ದು ಸಭಾಂಗಣದ ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳಬಹುದು. ಇಂಗ್ಲಿಷಿಗಾಗಿ ಅಳೆದಿಟ್ಟ ಸಾಲಿನ ಅಂತರ ನಮಗೆ ಸಾಲದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಅಂತರವನ್ನು ಹೆಚ್ಚಿಸಬೇಕು. ಓರೆ ಅಕ್ಷರ ನಮ್ಮ ಲಿಪಿಯ ಸಂಪ್ರದಾಯವಲ್ಲ. ಒಂದು ಪಿಡಿಎಫ್ ಪ್ರತಿ ಜೊತೆಯಲ್ಲಿದ್ದರೆ ಸಭೆಯ ದಿನ ಮುಖಭಂಗವಾಗುವುದಿಲ್ಲ. ಹೊರನಾಡಿನಲ್ಲಿ ಬೆಳೆಯುವ ಹಲವು ಮಕ್ಕಳಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ಏನನ್ನಾದರೂ ಬರೆಯುವ ಸಂದರ್ಭವೆಂದರೆ ಈ ಸ್ಲೈಡೇ. ಆ ಒಂದು ಸಂದರ್ಭದಲ್ಲಿಯೂ ಲಿಪಿಯನ್ನೂ ವಾಕ್ಯವನ್ನೂ ಕಸಿದುಕೊಂಡರೆ ಉಳಿಯುವುದೇನು? ಹಳದಿ ಕೆಂಪು ಹಿನ್ನೆಲೆಯ ಮೇಲೆ ನಾಲ್ಕು ನಾಮಪದ.

ಕೆಲಸಕ್ಕೆ ಹೋಗುವ ಗೆಳೆಯರ ಆಕ್ಷೇಪ ನನಗೆ ಗೊತ್ತಿದೆ. ಮೇಲಧಿಕಾರಿಗೆ ಪುರುಸೊತ್ತಿಲ್ಲ, ಅವರಿಗೆ ಚುಕ್ಕೆಗಳೇ ಬೇಕು, ನಾವೇನು ಮಾಡೋಣ ಎನ್ನುತ್ತಾರೆ. ಕಚೇರಿಯ ಅನ್ನ ತಿನ್ನುವವರು ಕಚೇರಿಯ ರೀತಿಯನ್ನು ಪಾಲಿಸಲಿ. ಆದರೆ ಒಂದು ಪೂರ್ಣ ವಾಕ್ಯ ನಾಲ್ಕು ಚುಕ್ಕೆಗಳಿಗಿಂತ ಗಿಡ್ಡ. ಓದಲು ಬೇಕಾದ ಸಮಯವೂ ಕಡಿಮೆ. ಉಳಿಯುವುದು ಬರೆಯುವವರ ಶ್ರಮ. ವಾಕ್ಯ ಪೂರ್ಣವಾಗಬೇಕಾದರೆ ಯೋಚನೆ ಪೂರ್ಣವಾಗಬೇಕು. ಚುಕ್ಕೆಗಳಲ್ಲಿ ಅಡಗಿರುವುದು ಮೇಲಧಿಕಾರಿಯ ಅವಸರಕ್ಕಿಂತ ಹೆಚ್ಚಾಗಿ ನಮ್ಮ ಆಲಸ್ಯ. ಅದಿರಲಿ, ಕಚೇರಿಯ ರೀತಿ ಭಾನುವಾರದ ಸಭಾಂಗಣಕ್ಕೆ ಯಾಕೆ ಬರಬೇಕು? ಅಜ್ಜಿಯ ಬಳೆಗೆ ಮೇಲಧಿಕಾರಿ ಯಾರು?

ಎರಡನೆಯ ಭಾನುವಾರ ತರಗತಿ ಮುಗಿದ ಮೇಲೆ ನಾನು ಆ ಹಿರಿಯರ ಬಳಿ ಕುಳಿತೆ. ಎಲೆಯ ಅಂಚನ್ನು ತೆಗೆದೆವು, ಚುಕ್ಕೆಗಳನ್ನು ಅಳಿಸಿದೆವು. ಬಾವಿಯ ಫೋಟೋ ಅವರಲ್ಲಿರಲಿಲ್ಲ, ಬಾವಿಯೂ ಈಗಿಲ್ಲವಂತೆ. ಅವರ ಫೋನಿನಲ್ಲಿ ಅಜ್ಜಿಯ ಹಳೆಯ ಫೋಟೋ ಒಂದಿತ್ತು. ಅದನ್ನೇ ಹಾಕಿದೆವು. ಮೇಲೆ ಅವರೇ ನಿಧಾನವಾಗಿ, ಒಂದೊಂದೇ ಕೀಲಿ ಹುಡುಕಿ, ‘ಈಕೆ ಬಳೆ ಕೊಟ್ಟಳು’ ಎಂದು ಬರೆದರು. ಪ್ರದರ್ಶನ ನಡೆಯುತ್ತಿರುವಾಗ ‘ಬಿ’ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಚಿತ್ರ ಮರಳುತ್ತದೆ ಎಂದು ತೋರಿಸಿದೆ. ಯಾಕೆ ಬೇಕು ಅದು ಎಂದು ಕೇಳಿದರು. ನೀವು ಕಥೆ ಹೇಳುವಾಗ ಎಲ್ಲರೂ ನಿಮ್ಮನ್ನು ನೋಡಲಿ ಎಂದೆ. ಎರಡು ಮೂರು ಸಲ ಒತ್ತಿ ನೋಡಿ, ಆ ಕೀಲಿಯ ಮೇಲೆ ಕುಂಕುಮದ ಚುಕ್ಕೆಯೊಂದನ್ನು ಇಡಲು ಅಪ್ಪಣೆ ಕೇಳಿದರು. ಆ ಒಂದು ಚುಕ್ಕೆಗೆ ನನ್ನ ಆಕ್ಷೇಪವಿರಲಿಲ್ಲ.

ರಾಜ್ಯೋತ್ಸವಕ್ಕೆ ಮೊದಲು ಇನ್ನೊಂದು ತರಗತಿ ನಡೆಯಲಿದೆ. ಅದರ ಸಂಘಟಕರಿಗೆ ನನ್ನ ಕೋರಿಕೆ ಒಂದೇ: ಮಕ್ಕಳಿಗೆ ಮೊದಲು ಕಾಗದ ಕೊಡಿ, ಒಂದು ವಾಕ್ಯ ಬರೆಸಿ, ಅದರ ಕ್ರಿಯಾಪದ ಎಲ್ಲಿದೆಯೆಂದು ಕೇಳಿ. ಸಿಕ್ಕ ಮೇಲೆ ಕಂಪ್ಯೂಟರ್ ತೆರೆಯಿರಿ.