ದೊಡ್ಡ ಎಂಜಿನ್ ಕೂರಿಸಿದರೆ ಸಣ್ಣ ಸ್ಪೋರ್ಟ್ಸ್ ಕಾರು ಇನ್ನೂ ಉತ್ತಮವಾಗುತ್ತದೆಯೇ?

ಸಣ್ಣ ಕಾರಿನ ಬಾನೆಟ್ ತೆರೆದು, ಅದರೊಳಗೆ ಉದ್ದನೆಯ ಆರು ಸಿಲಿಂಡರ್ ಎಂಜಿನ್ ಇಳಿಸುವ ವಿಡಿಯೋಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ನೋಡಿದವರಿಗೆ 'ಎಂಜಿನ್ ದೊಡ್ಡದಾದಷ್ಟೂ ಕಾರು ಉತ್ತಮ' ಅನ್ನಿಸುವುದು ಸಹಜ. ಇದು ಅರ್ಧ ಸತ್ಯ ಮಾತ್ರ. ಉಳಿದರ್ಧ ತಿಳಿಯಲು ನಾವು ಬ್ರಿಟನ್ನಿನ ಒಂದು ಹಳೆಯ ಕಾರನ್ನು ನೋಡೋಣ.

ಏನು ಮಾಡಿದ್ದರು?

1962ರಲ್ಲಿ ಬಂದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇತ್ತು. ಶಕ್ತಿ ಸುಮಾರು 95 ಎಚ್‌ಪಿ. 1967ರಲ್ಲಿ ಅದೇ ಕಾರಿಗೆ 2912 ಸಿಸಿಯ ಇನ್‌ಲೈನ್ ಸಿಕ್ಸ್, ಅಂದರೆ ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್ ಹಾಕಿ 'ಎಂಜಿಸಿ' ಎಂದು ಕರೆದರು. ಶಕ್ತಿ ಸುಮಾರು 145 ಎಚ್‌ಪಿಗೆ ಏರಿತು. ವೇಗವೂ ಹೆಚ್ಚಿತು. ಈ ಬಗೆಯ ಎಂಜಿನ್‌ನಲ್ಲಿ ಪಿಸ್ಟನ್‌ಗಳ ಚಲನೆ ಒಂದನ್ನೊಂದು ಸರಿದೂಗಿಸುವುದರಿಂದ ನಡುಕವೂ ಕಡಿಮೆ.

ಸಮಸ್ಯೆ ಎಲ್ಲಿ ಬಂತು?

ಹೊಸ ಎಂಜಿನ್ ಹಳೆಯದಕ್ಕಿಂತ 90 ಕೆಜಿಗೂ ಹೆಚ್ಚು ಭಾರವಿತ್ತು, ಉದ್ದವೂ ಹೆಚ್ಚು. ಅದು ಹಿಡಿಸಲೆಂದು ಬಾನೆಟ್ ಮೇಲೆ ಉಬ್ಬು ಮಾಡಿದರು, ಮುಂದಿನ ಸಸ್ಪೆನ್ಶನ್ ಅನ್ನೇ ಬದಲಿಸಿದರು, ಚಕ್ರಗಳನ್ನು 14 ಇಂಚಿನಿಂದ 15 ಇಂಚಿಗೆ ಏರಿಸಿದರು.

ಆದರೂ ಭಾರ ಮೂತಿಯ ಕಡೆಗೇ ಉಳಿಯಿತು. ಎತ್ತಿನ ಗಾಡಿಯಲ್ಲಿ ಮೂಟೆಗಳನ್ನೆಲ್ಲ ಮುಂದಕ್ಕೇ ಹೇರಿದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದಲ್ಲವೇ? ಇಲ್ಲಿ ಆ ಹೊರೆ ಮುಂದಿನ ಟೈರ್‌ಗಳ ಮೇಲೆ ಬೀಳುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಎಳೆಯುತ್ತದೆ. ಇದನ್ನೇ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಹೆದ್ದಾರಿಯಲ್ಲಿ ಆರಾಮವಾಗಿ ಓಡುತ್ತಿದ್ದ ಎಂಜಿಸಿಯನ್ನು ಅಂದಿನ ವಿಮರ್ಶಕರು ಟೀಕಿಸಿದ್ದು ಇದೇ ಕಾರಣಕ್ಕೆ. 1969ರಲ್ಲಿ ಅದರ ತಯಾರಿಕೆ ನಿಂತಿತು. ಮಾರಾಟಕ್ಕೆ ಬಂದದ್ದು ಸುಮಾರು 9,000 ಕಾರು ಮಾತ್ರ. ಎಂಜಿಬಿ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಹಾಗಾದರೆ ದೊಡ್ಡ ಎಂಜಿನ್ನೇ ತಪ್ಪೇ?

ಅಲ್ಲ. 1973ರಲ್ಲಿ ಇದೇ ಕಾರಿನ ಜಿಟಿ ಮಾದರಿಗೆ 3528 ಸಿಸಿಯ ರೋವರ್ ವಿ8 ಎಂಜಿನ್ ಕೂರಿಸಿದರು. ಸಿಸಿ ಇನ್ನೂ ಹೆಚ್ಚು, ಆದರೆ ಅಲ್ಯೂಮಿನಿಯಂನದು. ಹಾಗಾಗಿ ಮೂಲ ನಾಲ್ಕು ಸಿಲಿಂಡರ್ ಎಂಜಿನ್‌ಗಿಂತ ಅದು ಭಾರವಿರಲಿಲ್ಲ, ಮೂತಿಯೂ ಭಾರವಾಗಲಿಲ್ಲ. ಸಿಸಿಯೊಂದನ್ನೇ ನೋಡಿದರೆ ಸಾಲದು, ಭಾರ ಎಷ್ಟು, ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ.

ನಮ್ಮಲ್ಲಿ ಮಾಡಿಸಬಹುದೇ?

ಆ ಕಾರುಗಳನ್ನು ತಯಾರಿಸಿದ್ದು ಕಾರ್ಖಾನೆ. ಗ್ಯಾರೇಜಿನಲ್ಲಿ ಎಂಜಿನ್ ಬದಲಿಸುವುದು ಬೇರೆ ಮಾತು. ಆರ್‌ಸಿಯಲ್ಲಿನ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದಲ್ಲದೆ, ಹಳೆಯ ಎಂಜಿನ್‌ಗೆ ತಕ್ಕಂತೆ ಇದ್ದ ಬ್ರೇಕು, ಟೈರು, ಸಸ್ಪೆನ್ಶನ್ ಹಾಗೇ ಉಳಿದರೆ ಅಪಾಯ ಓಡಿಸುವವರಿಗಷ್ಟೇ ಅಲ್ಲ, ರಸ್ತೆ ದಾಟುವವರಿಗೂ ಇದೆ.

ತೀರ್ಮಾನ: ದೊಡ್ಡ ಎಂಜಿನ್ ವೇಗ ಕೊಡಬಲ್ಲದು, ಅದೊಂದರಿಂದಲೇ ಕಾರು ಉತ್ತಮವಾಗದು. ಅಂಥ ವಿಡಿಯೋ ಬಂದರೆ, ನೇರ ರಸ್ತೆಯ ಓಟವನ್ನಷ್ಟೇ ತೋರಿಸಿದ್ದಾರೆಯೇ, ತಿರುವನ್ನೂ ತೋರಿಸಿದ್ದಾರೆಯೇ ಎಂದು ನೋಡಿ. ಫಾರ್ವರ್ಡ್ ಮಾಡುವುದು ಆಮೇಲೆ.